ಕಸ್ತೂರೆಮ್ಮನ ಪಾಳಿ ತಪ್ಪಿಸಿದ ಕರ್ನಲ್ ಮಹಾಶಯರಿಗೆ

ಗೆ,
ಶ್ರೀಮಾನ್ ಕರ್ನಲ್ ಮಹಾಶಯರು,
ಸಮಸ್ತ ಮೆಮೊರಿಯ ವಿತರಣಾಧಿಕಾರಿಗಳು,
ಆಪರೇಟಿಂಗ್ ಸಿಸ್ಟಮ್ಮಿನ ಒಳಕೋಣೆ,
ಹಾಜಿಸಾಬರ ಮನೆಯ ಪಡಸಾಲೆ, ಸಾಲಗುಂದ, ಸಿಂಧನೂರು ತಾಲೂಕು.

ವಿಷಯ: ತಾವು ಓಡುತ್ತಿರುವಾಗಲೇ ತಮ್ಮ ಮೆಮೊರಿ ಸೆಟ್ಟಿಂಗುಗಳನ್ನು ಬದಲಿಸುವ ಅಧಿಕಾರವನ್ನು ನನ್ನಂಥವನಿಗೆ ದಯಪಾಲಿಸಿದ್ದರಿಂದ ಕಸ್ತೂರೆಮ್ಮನವರ ಒಂದೂವರೆ ಎಕರೆ ಭತ್ತಕ್ಕೆ ಒಂದು ಪಾಳಿ ನೀರು ತಪ್ಪಿದ ಕುರಿತು.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದೂ, ತಮ್ಮ ಎರಡು ಜಿಬಿ ಮೆಮೊರಿಯಲ್ಲಿ ಸಮಸ್ತ ಪ್ರೋಗ್ರಾಮುಗಳೂ ಕೂಡಿ ಬಾಳುತ್ತಿವೆಯೆಂದೂ, ಫ್ಯಾನಿಗೆ ಕಟ್ಟಿದ ಧೂಳನ್ನು ಹಾಜಿಸಾಬರು ಮೊನ್ನೆ ಹಳೆಯ ಲುಂಗಿಯ ತುಂಡಿನಿಂದ ಒರೆಸಿದ ಮೇಲೆ ತಮಗೆ ಸೆಕೆ ಕಡಿಮೆಯಾಗಿದೆಯೆಂದೂ ಭಾವಿಸಿ ಈ ಬಹಿರಂಗ ಪತ್ರವನ್ನು ಬರೆಯುತ್ತಿದ್ದೇನೆ. ಬಹಿರಂಗ ಏಕೆಂದರೆ, ನನ್ನ ತಪ್ಪು ಈಗಾಗಲೇ ಸಾಲಗುಂದದಿಂದ ಗೊರೇಬಾಳದವರೆಗೆ ಬಹಿರಂಗವಾಗಿದ್ದು, ಗುಟ್ಟಾಗಿ ಪತ್ರ ಬರೆದು ಕಾಪಾಡಿಕೊಳ್ಳುವಷ್ಟು ಮರ್ಯಾದೆ ನನ್ನಲ್ಲಿ ಉಳಿದಿಲ್ಲ.

ನಾನು ಸಿದ್ದಲಿಂಗೇಶ. ಸಿಂಧನೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಝೆರಾಕ್ಸ್ ಮತ್ತು ಕಂಪ್ಯೂಟರ್ ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದೇನೆ. ತಮ್ಮ ದಫ್ತರಿನಲ್ಲಿ ನನ್ನ ಹೆಸರು 'ರೂಟ್' ಎಂದಿದೆ. ಹಾಗೆಂದರೆ ಏನು ಬೇಕಾದರೂ ಮಾಡಬಲ್ಲವನು, ಯಾರನ್ನೂ ಕೇಳಬೇಕಾಗಿಲ್ಲದವನು ಎಂದು ಅರ್ಥವಂತೆ. ಮನೆಯಲ್ಲಿ ಟೀವಿಯ ರಿಮೋಟು ಕೂಡ ಕೈಗೆ ಸಿಗದ ಮನುಷ್ಯನಿಗೆ ಇಂಥ ಪದವಿ ಕೊಟ್ಟಿದ್ದೀರಿ ಎಂಬುದನ್ನು ಮೊದಲೇ ತಮ್ಮ ಗಮನಕ್ಕೆ ತಂದರೆ, ಮುಂದಿನದು ಸುಲಭವಾಗಿ ತಿಳಿಯುತ್ತದೆ.

ಈ ಪತ್ರ ಓದುವವರಲ್ಲಿ ತಮ್ಮನ್ನು ಕಾಣದವರೂ ಇರುವುದರಿಂದ ತಮ್ಮ ಪರಿಚಯವನ್ನೂ ಮಾಡಿಕೊಡುವುದು ನನ್ನ ಕರ್ತವ್ಯ. ಕರ್ನಲ್ ಎಂದರೆ ಸೈನ್ಯದವರಲ್ಲ, ತಾವು ಪ್ರತಿ ಕಂಪ್ಯೂಟರಿನ ಹೊಟ್ಟೆಯೊಳಗೆ ಕುಳಿತು, ಯಾವ ಪ್ರೋಗ್ರಾಮಿಗೆ ಎಷ್ಟು ಮೆಮೊರಿ, ಯಾರು ಮುಂದೆ, ಯಾರು ಹಿಂದೆ, ಯಾರು ಸ್ವಲ್ಪ ತಡೆಯಬೇಕು ಎಂದು ತೀರ್ಮಾನಿಸುವ, ಎಂದೂ ಮುಖ ತೋರಿಸದ, ಫೋಟೋ ಹಾಕಿಸಿಕೊಳ್ಳದ ಅಧಿಕಾರಿಗಳು. ಮೆಮೊರಿ ತೀರಿಹೋದರೆ ಯಾವುದೋ ಒಂದು ಪ್ರೋಗ್ರಾಮನ್ನು ಕೊಂದು ಉಳಿದವರನ್ನು ಬದುಕಿಸುವ ಅಧಿಕಾರವೂ ತಮಗಿದೆ. ನಮ್ಮ ಕಡೆ ಹೇಳುವುದಾದರೆ, ಕಾಲುವೆಯ ಗೇಟಿನ ಮೇಲೆ ಕುಳಿತವರು ತಾವು.

ಕಾಲುವೆಯ ಮಾತು ಬಂದಿತಾದ್ದರಿಂದ ಅದನ್ನೇ ಮುಂದುವರಿಸುತ್ತೇನೆ. ನಮ್ಮ ಉಪಕಾಲುವೆಯ ಕೊನೆಭಾಗದಲ್ಲಿ ಮೂವತ್ತೆಂಟು ಮಂದಿಯ ಹೊಲಗಳಿವೆ. ಇವರೆಲ್ಲ ಕೂಡಿ ಯಾವ ಕಾಗದಪತ್ರವೂ ಇಲ್ಲದ ಒಂದು ಪಾಳಿ ಬಳಗ ಮಾಡಿಕೊಂಡಿದ್ದಾರೆ. ಎಂಟು ದಿನಕ್ಕೊಮ್ಮೆ ಪ್ರತಿಯೊಬ್ಬರಿಗೂ ಒಂದು ಪಾಳಿ. ನೀರು ನಮ್ಮ ತನಕ ಯಾವ ಗಂಟೆಗೆ ಬಂದು ಮುಟ್ಟುತ್ತದೆ ಎಂದು ಗಡಿಯಾರ ನೋಡಿ ಹೇಳಲಾಗದು. ಮೇಲಿನವರ ಗದ್ದೆಗಳ ಹೊಟ್ಟೆ ತುಂಬಿದ ಮೇಲೆ ಉಳಿದದ್ದು ಕೆಳಕ್ಕೆ ಇಳಿಯಬೇಕು. ನೀರು ಬಂತೆಂದು ಕೂಗು ಬಿದ್ದ ಒಂದು ತಾಸಿನೊಳಗೆ ಪಾಳಿಯವರು ತೂಬಿಗೆ ಹೋಗಿ ಅಲ್ಲಿಯ ಕಲ್ಲುಕಂಬಕ್ಕೆ ತಮ್ಮ ಗುರುತು ಕಟ್ಟಬೇಕು. ಗಂಡಸರು ಟವಲ್ಲು ಕಟ್ಟುತ್ತಾರೆ. ಕಸ್ತೂರೆಮ್ಮ ಒಂದು ನೀಲಿ ಕುಬಸದ ಖಣ ಕಟ್ಟುತ್ತಾರೆ. ತಾಸು ಮೀರಿದರೂ ಗುರುತು ಬೀಳದಿದ್ದರೆ ಪಾಳಿ ಮುಂದಿನವರಿಗೆ ಹೋಯಿತು, ಅದಕ್ಕೆ ತಕರಾರಿಲ್ಲ. ಈ ಕಾಯಿದೆ ಮಾಡಿದವರಲ್ಲಿ ನನ್ನ ಅಪ್ಪ ಅಮರಗುಂಡಪ್ಪನೂ ಒಬ್ಬ, ಮುರಿದವರು ಇದುವರೆಗೆ ಯಾರೂ ಇಲ್ಲ.

ಕೂಗುವ ಕೆಲಸ ಇಪ್ಪತ್ತೆರಡು ವರ್ಷ ಹಾಜಿಸಾಬರದಾಗಿತ್ತು. ಅವರು ಸೈಕಲ್ ಏರಿ ಕಾಲುವೆಯ ದಂಡೆಗುಂಟ ಬಂದು, ಪಾಳಿಯವರ ಮನೆಯ ಮುಂದೆ ಒಂದು ಕಾಲು ನೆಲಕ್ಕೂರಿ, "ನೀರು ಬಂತ್ರೀ, ನಿಮ್ಮ ಪಾಳಿ, ತೂಬಿಗೆ ಬರ್ರಿ" ಎಂದು ಕೂಗಿದರೆ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದವರಿಗೂ ಕೇಳಬೇಕು, ಕೇಳುತ್ತಿತ್ತು. ಮೂರು ವರ್ಷದ ಹಿಂದೆ ಅವರ ಮೊಣಕಾಲು ಮುಷ್ಕರ ಹೂಡಿದಾಗ, ನಾನು ಮುಂದೆ ಬಂದು, ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಕಂಪ್ಯೂಟರೊಂದನ್ನು ಅವರ ಪಡಸಾಲೆಯಲ್ಲಿ ಕೂರಿಸಿ, ಕಾಲುವೆಯಲ್ಲಿ ನೀರಿನ ಮಟ್ಟ ಅಳೆಯುವ ಒಂದು ಸಣ್ಣ ಯಂತ್ರ ಇಳಿಬಿಟ್ಟು, ಮಟ್ಟ ಏರಿದೊಡನೆ ಪಾಳಿಯವರ ಫೋನಿಗೆ ಕರೆ ಹೋಗುವಂತೆ ಮಾಡಿದೆ. ಕರೆಯಲ್ಲಿ ಬರುವುದು ಹಾಜಿಸಾಬರದೇ ದನಿ. ಮೂವತ್ತೆಂಟು ಮಂದಿಯ ಹೆಸರನ್ನೂ ಅವರಿಂದ ಒಂದೊಂದಾಗಿ ಕೂಗಿಸಿ ರೆಕಾರ್ಡ್ ಮಾಡಿಕೊಂಡಿದ್ದೇನೆ. ಈ ಕೆಲಸ ಮಾಡುವ ಪ್ರೋಗ್ರಾಮಿಗೆ 'ಕೂಗು' ಎಂದೇ ಹೆಸರಿಟ್ಟೆ. ಅಂದಿನಿಂದ ಊರಿನವರು ನನ್ನನ್ನು ಕಂಡರೆ ಚಾ ಕುಡಿಸತೊಡಗಿದರು, ನನ್ನ ಪತನ ಅಲ್ಲಿಂದಲೇ ಶುರುವಾಯಿತೆಂದು ಈಗ ಅನಿಸುತ್ತದೆ.

ಮಾನ್ಯರೇ, ತಮ್ಮ ಹಳೆಯ ಆವೃತ್ತಿಯ ಕಾಲವನ್ನು ನೆನೆದರೆ ಕಣ್ಣು ತುಂಬುತ್ತದೆ. ಆಗ ತಮ್ಮ ಮೆಮೊರಿಯ ಒಂದು ಸೆಟ್ಟಿಂಗು ಬದಲಿಸಬೇಕಾದರೆ, ಅದನ್ನು ತಾವು ಏಳುವ ಮೊದಲೇ ಒಂದು ಸಾಲಿನಲ್ಲಿ ಬರೆದಿಟ್ಟು, ಕಂಪ್ಯೂಟರನ್ನು ಆರಿಸಿ, ಮತ್ತೆ ಎಬ್ಬಿಸಿ, ತಾವು ಆಕಳಿಸಿ ಮೈಮುರಿದು ಸಿದ್ಧರಾಗುವ ತನಕ ಕಾಯಬೇಕಾಗಿತ್ತು. ಅದಕ್ಕಾಗಿ ನಾನು ಸಿಂಧನೂರಿನಿಂದ ಸಾಲಗುಂದಕ್ಕೆ ಬೈಕಿನಲ್ಲಿ ಬರಬೇಕು. ಬಂದರೆ ಹಾಜಿಸಾಬರು ಯಾಕೆ ಆರಿಸುತ್ತಿ ಎಂದು ಕೇಳುತ್ತಿದ್ದರು. ಅವರಿಗೆ ತೃಪ್ತಿಯಾಗುವ ಉತ್ತರ ಕೊಡುವುದಕ್ಕಿಂತ ಸುಮ್ಮನೆ ಚಾ ಕುಡಿದು ಹಿಂದಿರುಗುವುದೇ ಸಲೀಸಾಗಿ ಕಾಣುತ್ತಿತ್ತು. ಹೀಗಾಗಿ ಎರಡು ವರ್ಷದಲ್ಲಿ ನಾನು ತಮ್ಮನ್ನು ಮುಟ್ಟಿದ್ದು ಎರಡೇ ಸಲ, ಆ ಎರಡು ವರ್ಷದಲ್ಲಿ ಪಾಳಿ ತಪ್ಪಿದ್ದು ಒಂದು ಸಲವೂ ಇಲ್ಲ. ಈ ಎರಡು ಸಂಗತಿಗಳಿಗೆ ಸಂಬಂಧ ಇರಬಹುದೆಂದು ನನ್ನಂಥ ಜಾಣನಿಗೆ ಹೊಳೆಯಲಿಲ್ಲ.

ಬದಲಿಗೆ ನಾನು ಗೊಣಗಿದೆ. ಇದೆಂಥ ದರ್ಬಾರು, ಇಷ್ಟು ಸಣ್ಣದಕ್ಕೆ ಎಲ್ಲವನ್ನೂ ನಿಲ್ಲಿಸಬೇಕೆ, ಗಾಡಿ ಓಡುತ್ತಿರುವಾಗಲೇ ಕೀಲೆಣ್ಣೆ ಹಾಕುವಂತಿದ್ದರೆ ಎಷ್ಟು ಚೆನ್ನ ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳಿದೆ. ಆಧಾರ್ ಕಾರ್ಡಿನ ಝೆರಾಕ್ಸಿಗೆ ಬಂದ ಮಕ್ತುಂಬೀ ಎಂಬ ಮುದುಕಿಗೂ ಹೇಳಿದೆ. ಆಕೆ ಪೂರ್ತಿ ಕೇಳಿ, ಎರಡೂ ಬದಿ ಬರಬೇಕು ಎಂದಷ್ಟೇ ಹೇಳಿ ಹೋದಳು.

ತಾವು ಕರುಣಾಳುಗಳು. ನನ್ನ ಗೊಣಗಾಟ ತಮಗೆ ಮುಟ್ಟಿತೋ, ಜಗತ್ತಿನಲ್ಲಿ ನನ್ನಂಥವರು ಬಹಳ ಮಂದಿ ಇದ್ದಾರೋ, ಕಳೆದ ವರ್ಷ ನಾನು ಹಾಕಿದ ಹೊಸ ಆವೃತ್ತಿಯಲ್ಲಿ ಆ ಬಾಗಿಲು ತೆರೆದೇ ಇತ್ತು. ತಾವು ಓಡುತ್ತಿರುವಾಗಲೇ, ಯಾವುದನ್ನೂ ಆರಿಸದೆ, ಒಂದು ಸಾಲು ಬರೆದರೆ ಸಾಕು, ಆ ಕ್ಷಣದಿಂದಲೇ ಹೊಸ ಲೆಕ್ಕ ಜಾರಿ. ಅದೂ ಸಿಂಧನೂರಿನಲ್ಲಿ ಕುಳಿತೇ, ಫೋನಿನಿಂದಲೇ. ಇಷ್ಟು ದೊಡ್ಡ ಅಧಿಕಾರಿಗಳು ಇಷ್ಟು ಸುಲಭವಾಗಿ ಕಿವಿ ಹಿಂಡಿಸಿಕೊಳ್ಳುವುದನ್ನು ನಾನು ಬೇರೆ ಯಾವ ಇಲಾಖೆಯಲ್ಲೂ ಕಂಡಿಲ್ಲ.

ಕೆಲಸವಿಲ್ಲದ ಬಡಿಗ ಮಗನ ಕುಂಡೆ ಕೆತ್ತಿದ ಎಂಬ ಮಾತಿದೆ. ನಾನು ಕೆಲಸವಿದ್ದಾಗಲೂ ಕೆತ್ತಿದೆ. ಬೆಳಿಗ್ಗೆ ಅಂಗಡಿಯ ಶಟರ್ ಎತ್ತುವ ಮೊದಲು ಒಂದು ಸಲ, ಮಧ್ಯಾಹ್ನ ಊಟವಾದ ಮೇಲೆ ಒಂದು ಸಲ. ಪ್ರೋಗ್ರಾಮುಗಳನ್ನು ಎಷ್ಟು ಬೇಗ ಡಿಸ್ಕಿಗೆ ತಳ್ಳಬೇಕು ಎಂಬುದನ್ನು ಅರವತ್ತಕ್ಕೆ ಏರಿಸಿ, ಮನಸ್ಸಿಗೆ ಬಾರದೆ ನಲವತ್ತಕ್ಕಿಳಿಸಿ, ನಲವತ್ತು ತೀರ ಸಾಧಾರಣವೆನಿಸಿ ನಲವತ್ತೊಂದಕ್ಕೆ ತಂದು ನಿಲ್ಲಿಸಿ, ಏನೋ ಮಹತ್ವದ್ದು ಸಾಧಿಸಿದವನಂತೆ ನಿಟ್ಟುಸಿರು ಬಿಟ್ಟಿದ್ದೇನೆ. ಲಿಂಗಸುಗೂರಿನಲ್ಲಿ ಷಡ್ಡಕನ ಮನೆಯ ತೊಟ್ಟಿಲು ಕಾರ್ಯಕ್ಕೆ ಹೋದಾಗ, ಎಲ್ಲರೂ ಕೂಸಿಗೆ ಹೆಸರಿಡುತ್ತಿದ್ದರೆ ನಾನು ಪಂಕ್ತಿಯಲ್ಲಿ ಹೋಳಿಗೆಯ ಮುಂದೆ ಕುಳಿತು ತಮ್ಮ ಸೆಟ್ಟಿಂಗು ತಿರುವುತ್ತಿದ್ದೆ. ಕೂಸಿನ ಹೆಸರೇನೆಂದು ದಾರಿಯಲ್ಲಿ ನನ್ನ ಹೆಂಡತಿ ಭುವನೇಶ್ವರಿ ಕೇಳಿದಾಗ ನನಗೆ ಗೊತ್ತಿರಲಿಲ್ಲ. "ಸಾರು ಕುದಿಯೂಮುಂದ ಘಳಿಗೆಗೊಮ್ಮೆ ಉಪ್ಪು ಹಾಕಿ ನೋಡಿದ್ರ ಸಾರು ಕೆಡ್ತೈತ್ರೀ, ಉಪ್ಪು ಕೆಡಂಗಿಲ್ಲ" ಎಂದಳು. ಅದನ್ನು ನಾನು ಅಡುಗೆಯ ಮಾತೆಂದೇ ತಿಳಿದೆ.

ಈಗ ನನ್ನ ಮುಖ್ಯ ಅಪರಾಧಕ್ಕೆ ಬರುತ್ತೇನೆ, ಅದಕ್ಕೆ ಸ್ವಲ್ಪ ಹಿನ್ನೆಲೆ ಬೇಕು. ನಾನು ಕೊನೆಭಾಗದವನು. ಕಾಲುವೆಯ ಮೇಲ್ಭಾಗದಲ್ಲಿ ಹುಟ್ಟಿದವರಿಗೆ ನೀರೆಂದರೆ ಬರುವ ವಸ್ತು. ಕೊನೆಭಾಗದಲ್ಲಿ ಹುಟ್ಟಿದವರಿಗೆ ಅದು ನಿಂತುಹೋಗುವ ವಸ್ತು. ನಮ್ಮ ಮನೆಯಲ್ಲಿ ಖಾಲಿ ಕೊಡ ಎಂಬುದನ್ನು ನಾನು ಕಂಡೇ ಇಲ್ಲ. ಅಪ್ಪ ಕೊಡ, ಬಿಂದಿಗೆ, ಹಂಡೆ, ಎಣ್ಣೆಯ ಖಾಲಿ ಡಬ್ಬಿ, ಕಡೆಗೆ ನನ್ನ ಊಟದ ಡಬ್ಬಿಯನ್ನೂ ತುಂಬಿಸಿ ಮುಚ್ಚಿಡುತ್ತಿದ್ದ. ಆ ನೀರನ್ನು ಮುಟ್ಟುವಂತಿರಲಿಲ್ಲ, ಅದು ಆಪತ್ತಿಗೆ. ಒಮ್ಮೆ ಮನೆಗೆ ಬಂದ ಬೀಗರಿಗೆ ಕುಡಿಯಲು ಪಕ್ಕದ ಮನೆಯಿಂದ ನೀರು ಕಡ ತಂದಿದ್ದೆವು, ಹನ್ನೊಂದು ತುಂಬಿದ ಪಾತ್ರೆಗಳ ನಡುವೆ ನಿಂತು. ಆಗ ಇಡೀ ಊರು ನಕ್ಕಿತು, ನಾನೂ ನಕ್ಕಿದ್ದೆ.

ತಮ್ಮ ಸೆಟ್ಟಿಂಗುಗಳಲ್ಲಿ, ಎಷ್ಟು ಮೆಮೊರಿಯನ್ನು ಯಾವಾಗಲೂ ಖಾಲಿಯಾಗಿ ಮೀಸಲಿಡಬೇಕು ಎಂಬ ಒಂದು ಅಂಕಿ ಇದೆ. ಅದನ್ನು ಕಂಡಾಗ ನನಗೆ ಅಪ್ಪನೇ ಎದುರು ನಿಂತಂತಾಯಿತು. ಇದ್ದದ್ದು ತೀರ ಸಣ್ಣ ಅಂಕಿ, ಎರಡು ಜಿಬಿಯಲ್ಲಿ ಒಂದು ಚಮಚದಷ್ಟು. 'ಕೂಗು' ಎಂಬುದು ಎಂಟು ದಿನಕ್ಕೊಮ್ಮೆ ಕಸ್ತೂರೆಮ್ಮನವರ ಪಾಳಿಗೆ ಏಳುತ್ತದೆ. ಅವರದು ನಮ್ಮ ಬಳಗದ ಕಟ್ಟಕಡೆಯ ಹೊಲ, ಅವರಿಂದಾಚೆ ಹಳ್ಳವೇ. ಗಂಡ ತೀರಿಕೊಂಡ ಮೇಲೆ ಒಬ್ಬರೇ ಆ ಒಂದೂವರೆ ಎಕರೆಯನ್ನು ನಡೆಸುತ್ತಿದ್ದಾರೆ. ಮನೆಯ ವರ್ಷದ ಅಕ್ಕಿ, ಮುಂದಿನ ವರ್ಷದ ಬೀಜ ಎಲ್ಲ ಅದರಲ್ಲೇ. ಅವರ ಹೆಸರು ಕೂಗುವ ಹೊತ್ತಿಗೆ ಬೇರೆ ಪ್ರೋಗ್ರಾಮುಗಳೆಲ್ಲ ಮೆಮೊರಿ ಕುಡಿದು ಕೂತಿದ್ದರೆ? ಕೊನೆಯವರಿಗೆ ಏನೂ ಉಳಿಯದಿದ್ದರೆ? ಅದಕ್ಕೆ ಈಗಲೇ ತೆಗೆದಿಡಬೇಕು ಎಂದುಕೊಂಡೆ.

ಅಂದು ಬುಧವಾರ, ಅಕ್ಟೋಬರಿನ ಬಿಸಿಲು. ಪ್ರಿಂಟರಿನ ಒಂದು ಬಿಡಿಭಾಗಕ್ಕಾಗಿ ಮಸ್ಕಿಗೆ ಹೊರಟಿದ್ದೆ. ಬಸ್ಸಿನಲ್ಲಿ ಕಿಟಕಿಯ ಸೀಟು, ತೊಡೆಯ ಮೇಲೆ ಪೇಪರಿನಲ್ಲಿ ಮಂಡಕ್ಕಿ ವಗ್ಗರಣಿ, ಮಿರ್ಚಿ ಬಜ್ಜಿ, ಎಡಗೈಯಲ್ಲಿ ಫೋನು. ಈ ಸ್ಥಿತಿಯಲ್ಲಿ ನಾನು ತಮ್ಮ ಎರಡು ಜಿಬಿಯಲ್ಲಿ ಒಂದೂವರೆ ಜಿಬಿಯನ್ನು, ಅಂದರೆ ಮುಕ್ಕಾಲು ಪಾಲನ್ನು, ಮೀಸಲೆಂದು ಬರೆದು ಒತ್ತಿದೆ. ತಾವು ಒಂದು ಮಾತೂ ಆಡದೆ ಒಪ್ಪಿಕೊಂಡಿರಿ. ಬಹಳ ಹೆಚ್ಚು ಮೀಸಲಿಟ್ಟರೆ ಕಂಪ್ಯೂಟರಿಗೆ ಅಪಾಯ ಎಂದು ತಮ್ಮ ಕೈಪಿಡಿಯಲ್ಲಿ ಬರೆದದ್ದನ್ನು ನಾನು ಓದಿರಲಿಲ್ಲವೆಂದಲ್ಲ. ಓದಿದ್ದೆ. ಬೇರೆಯವರಿಗೆ ಬರೆದದ್ದು ಎಂದುಕೊಂಡಿದ್ದೆ.

ಆ ಮೀಸಲು ಕೊನೆಯವರಿಗಲ್ಲ, ಅದು ತಮ್ಮ ಸ್ವಂತ ಆಪತ್ಕಾಲದ ಖರ್ಚಿಗೆ, ಸಾಮಾನ್ಯ ಪ್ರೋಗ್ರಾಮುಗಳು ಅದನ್ನು ಮುಟ್ಟುವಂತೆಯೇ ಇಲ್ಲ ಎಂಬುದೂ ಅದೇ ಕೈಪಿಡಿಯ ಅದೇ ಪುಟದಲ್ಲಿತ್ತು. ಅಷ್ಟು ಹೊತ್ತಿಗೆ ಮಿರ್ಚಿ ಮುಗಿದು ಮಸ್ಕಿ ಬಂದಿತ್ತು.

ಮರುದಿನ ಗುರುವಾರ ಕಸ್ತೂರೆಮ್ಮನವರ ಪಾಳಿ. ಅವರ ಭತ್ತ ಹೊಡೆ ತುಂಬಿ ತೆನೆ ಹೊರಡುವ ಹೊತ್ತಿನಲ್ಲಿತ್ತು, ಆಗ ನೀರು ತಪ್ಪಿದರೆ ಕಾಳಿಲ್ಲದ ಜಳ್ಳೇ ಗತಿ ಎಂದು ಭತ್ತ ಬೆಳೆಯುವ ಎಲ್ಲರಿಗೂ ಗೊತ್ತು. ಅಂದು ಅವರು ಗೊರೇಬಾಳಕ್ಕೆ ಕಳೆ ಕೀಳಲು ಬಾ ಎಂದವರಿಗೆ ಬರುವುದಿಲ್ಲವೆಂದು ಹೇಳಿ, ಫೋನನ್ನು ಪೂರ್ತಿ ಚಾರ್ಜ್ ಮಾಡಿ, ನೀಲಿ ಖಣವನ್ನು ಮಡಿಸಿ ಪಕ್ಕದಲ್ಲಿಟ್ಟುಕೊಂಡು ಮನೆಯ ಕಟ್ಟೆಯ ಮೇಲೆ ಕುಳಿತರು. ಹತ್ತೂವರೆಗೆ ಕಾಲುವೆಯಲ್ಲಿ ನೀರು ಏರಿತು. 'ಕೂಗು' ಎದ್ದಿತು. ಹಾಜಿಸಾಬರ ಮೂವತ್ತೆಂಟು ಕೂಗುಗಳನ್ನು ಹೊತ್ತು ನಿಲ್ಲಬೇಕಾದ ಆ ಬಡ ಪ್ರೋಗ್ರಾಮು ತಮ್ಮ ಮುಂದೆ ಸೆರಗೊಡ್ಡಿ ಮೆಮೊರಿ ಕೇಳಿತು. ತಾವು ಸುತ್ತ ನೋಡಿದಿರಿ. ಮುಕ್ಕಾಲು ಪಾಲು ಮೀಸಲು. ಉಳಿದ ಕಾಲು ಪಾಲಿನಲ್ಲಿ ನೂಕುನುಗ್ಗಲು. ಕಾಯಿದೆಯ ಪ್ರಕಾರ ಯಾರನ್ನಾದರೂ ಕೊಲ್ಲಬೇಕು, ಎಲ್ಲರಿಗಿಂತ ಹೆಚ್ಚು ಕೇಳುತ್ತಿರುವವನನ್ನು ಕೊಂದರೆ ಎಲ್ಲರಿಗಿಂತ ಹೆಚ್ಚು ಜಾಗ. ಕೊಂದಿರಿ.

ಯಾರನ್ನು ಉಳಿಸಿದಿರಿ ಎಂಬುದನ್ನೂ ನಾನು ಹೇಳಲೇಬೇಕು, ತಮ್ಮ ನ್ಯಾಯಬುದ್ಧಿಯ ಕೀರ್ತಿ ನಾಲ್ಕು ಕಡೆ ಹರಡಲಿ. ಪರದೆಯ ಮೇಲೆ ಸುಮ್ಮನೆ ಸುತ್ತುವ ಬಣ್ಣದ ಗಡಿಯಾರ ಉಳಿಯಿತು. ಪ್ರಿಂಟರೇ ಇಲ್ಲದ ಆ ಕಂಪ್ಯೂಟರಿನಲ್ಲಿ ಪ್ರಿಂಟರ್ ಬರಬಹುದೆಂದು ಮೂರು ವರ್ಷದಿಂದ ಕಾಯುತ್ತಿರುವ ಒಬ್ಬ ಸೇವಕ ಉಳಿದ. ಬ್ಲೂಟೂತ್ ಸಾಧನ ಹುಡುಕುವವನೂ ಉಳಿದ, ಸಾಲಗುಂದದಲ್ಲಿ ಅವನು ಇದುವರೆಗೆ ಹುಡುಕಿದ್ದು ಯಾರದೋ ಬೈಕಿನ ಸ್ಪೀಕರೊಂದನ್ನು ಮಾತ್ರ.

ಆ ಗಡಿಯಾರದಿಂದಾದ ಅನಾಹುತ ಬೇರೆ. ಹಾಜಿಸಾಬರು ಪ್ರತಿ ಪಾಳಿಯ ದಿನ ಕಂಪ್ಯೂಟರಿನ ಎದುರು ಕುರ್ಚಿ ಹಾಕಿಕೊಂಡು ಕಾವಲು ಕೂರುತ್ತಾರೆ. ಗಡಿಯಾರ ತಿರುಗುತ್ತಿದ್ದರೆ ಎಲ್ಲ ಸರಿಯಿದೆಯೆಂದು ನಾನೇ ಅವರಿಗೆ ಹೇಳಿಕೊಟ್ಟಿದ್ದೆ. ಅಂದು ಅದು ಎಂದಿಗಿಂತ ಚೆಂದವಾಗಿ ತಿರುಗಿತು, ಅಡ್ಡಬರುವವರು ಯಾರೂ ಇರಲಿಲ್ಲವಲ್ಲ.

ಕಸ್ತೂರೆಮ್ಮ ಕಾದರು. ಫೋನು ಕೆಟ್ಟಿತೇನೋ ಎಂದು ಪಕ್ಕದ ಮನೆಯ ನಗ್ಮಾಳಿಂದ ಎರಡು ಸಲ ಕಾಲ್ ಮಾಡಿಸಿ ನೋಡಿದರು. ಎರಡು ಸಲವೂ ಬಡಿಯಿತು. ಹಾಗಾದರೆ ನೀರೇ ಬಂದಿಲ್ಲ ಎಂದು ಮತ್ತೆ ಕುಳಿತರು. ತೂಬಿನ ಹತ್ತಿರ ಮುಂದಿನ ಪಾಳಿಯ ಅಮೀನ್‌ಸಾಬ್ ಒಂದು ತಾಸು ಕಾದು, ಗುರುತು ಬೀಳದ್ದನ್ನು ನೋಡಿ ಮತ್ತೂ ಅರ್ಧ ತಾಸು ತಡೆದು, ಊರ ದಿಕ್ಕಿಗೆ ಮುಖ ಮಾಡಿ ನಾಲ್ಕು ಸಲ ಕೂಗಿ, ಕಾಯಿದೆಯಂತೆ ತನ್ನ ಟವಲ್ಲು ಕಟ್ಟಿ ತನ್ನ ಗದ್ದೆಗೆ ನೀರು ತಿರುಗಿಸಿಕೊಂಡ. ಅವನದೇನೂ ತಪ್ಪಿಲ್ಲ. ಕಸ್ತೂರೆಮ್ಮನವರ ಫೋನು ನಂಬರು ಅವನಲ್ಲಿ ಇರಲಿಲ್ಲ, ಮಷೀನು ಇರುವಾಗ ಒಬ್ಬರ ನಂಬರು ಒಬ್ಬರು ಇಟ್ಟುಕೊಳ್ಳುವುದನ್ನು ನಮ್ಮವರು ಬಿಟ್ಟು ಮೂರು ವರ್ಷವಾಗಿತ್ತು. ಮಧ್ಯಾಹ್ನ ಎರಡಕ್ಕೆ ತಾಳಲಾರದೆ ಕಸ್ತೂರೆಮ್ಮ ಹೊಲಕ್ಕೆ ನಡೆದುಹೋದಾಗ ಪಕ್ಕದ ಗದ್ದೆಯಲ್ಲಿ ನೀರು ಥಳಥಳಿಸುತ್ತಿತ್ತು. ಅವರ ಗದ್ದೆಯ ಮಣ್ಣು ಬಿರಿದಿತ್ತು.

ಶುಕ್ರವಾರ ಬೆಳಿಗ್ಗೆ ನಾನು ಪಡಸಾಲೆಯಲ್ಲಿ ತಮ್ಮ ದಿನಚರಿ ತೆರೆದು ಕುಳಿತಿದ್ದೆ. ಒಂದು ಕಡೆ ಹಾಜಿಸಾಬರು, ಇನ್ನೊಂದು ಕಡೆ ಕಸ್ತೂರೆಮ್ಮ, ಅವರ ಕೈಯಲ್ಲಿ ಇನ್ನೂ ಆ ಮಡಿಸಿದ ಖಣ. ತಾವು ತಮ್ಮ ಕೃತ್ಯವನ್ನು ಗಂಟೆ, ನಿಮಿಷ, ಸೆಕೆಂಡು ಸಹಿತ ಬರೆದಿಟ್ಟಿದ್ದಿರಿ. ಇಷ್ಟು ಪ್ರಾಮಾಣಿಕ ಕೊಲೆಗಾರರನ್ನು ನಾನು ನೋಡಿಲ್ಲ. ಏನು ಬರೆದಿದೆ ಎಂದು ಅವರಿಬ್ಬರೂ ಕೇಳಿದರು. ಮೆಮೊರಿ ಸಾಲಲಿಲ್ಲ, ಅದಕ್ಕೆ ಕೂಗನ್ನು ಕೊಲ್ಲಲಾಗಿದೆ ಎಂದು ಬರೆದಿದೆ ಅಂದೆ. ಹಾಜಿಸಾಬರು ಕುರ್ಚಿಯಲ್ಲಿ ನೆಟ್ಟಗಾದರು. "ನನ್ನ ದನೀನಾ? ನಾ ಇಲ್ಲೇ ಮುಂದ ಕುಂತಿದ್ನೆಲ್ಲೋ ಸಿದ್ಲಿಂಗ, ಒಂದ್ ಮಾತು ಹೇಳಿದ್ರ ಎದ್ದು ಹೋಗಿ ಕೂಗ್ತಿದ್ದೆ. ಮೊಣಕಾಲು ಹ್ವಾದ್ರ ಹೋಗ್ಲಿ, ಬಾಯೇನು ಹೋಗಿತ್ತೇನು" ಎಂದರು. ಅವರ ಕಣ್ಣಲ್ಲಿ ನೀರಿತ್ತು.

ಕಸ್ತೂರೆಮ್ಮ ಮಾತ್ರ ಆ ಪರದೆಯನ್ನೇ ನೋಡುತ್ತಿದ್ದರು. "ಖರೇನ ಜಾಗ ಇರಲಿಲ್ಲೇನೋ ತಮ್ಮಾ ಅದರಾಗ" ಎಂದರು. ಸುಳ್ಳು ಹೇಳಬಹುದಾಗಿತ್ತು. ವೈರಸ್ಸು ಅನ್ನಬಹುದಿತ್ತು, ನಮ್ಮ ಕಡೆ ಅದಕ್ಕೆ ಯಾರೂ ಎದುರಾಡುವುದಿಲ್ಲ. ಆದರೆ ಆ ಖಣ ನೋಡಿ ನಾಲಿಗೆ ಏಳಲಿಲ್ಲ. ಜಾಗವಿತ್ತು, ಮುಕ್ಕಾಲು ಪಾಲು ಖಾಲಿಯೇ ಇತ್ತು, ನಾನೇ ತೆಗೆದಿಟ್ಟಿದ್ದೆ ಯಕ್ಕ ಅಂದೆ.

"ಯಾರಿಗಂತ ತಗದಿಟ್ಟಿದ್ದಿ?"

ನಿನಗೇ ಅಂದೆ.

ಅವರು ಬೈಯಲಿಲ್ಲ. ಬಹಳ ಹೊತ್ತು ನನ್ನ ಮುಖ ನೋಡಿದರು, ಆಮೇಲೆ ಖಣವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ಹೋದರು. ಮಾನ್ಯರೇ, ಆ ನೋಟಕ್ಕಿಂತ ಬೈಗುಳ ಎಷ್ಟೋ ಮೇಲಾಗಿತ್ತು. ಊಟಕ್ಕಿಲ್ಲದ ಉಪ್ಪಿನಕಾಯಿ ಯಾತಕ್ಕೆ ಎಂದು ಅಪ್ಪನ ಹನ್ನೊಂದು ಪಾತ್ರೆಗಳನ್ನು ನೋಡಿ ನಗುತ್ತಿದ್ದ ನಾನು, ಅದನ್ನೇ ತಮ್ಮೊಳಗೆ ಮಾಡಿಟ್ಟಿದ್ದೆ.

ಆಮೇಲಿನದು ಬೇಗ ಹೇಳಿಬಿಡುತ್ತೇನೆ. ಭಾನುವಾರ ನನ್ನ ಹೊಲದ ಪಾಳಿಯಿತ್ತು, ಅದನ್ನು ಕಸ್ತೂರೆಮ್ಮನವರಿಗೆ ಬಿಟ್ಟುಕೊಟ್ಟೆ. ಬಿಟ್ಟುಕೊಟ್ಟೆ ಎಂದು ದೊಡ್ಡದಾಗಿ ಹೇಳಿಕೊಳ್ಳುವಂತಿಲ್ಲ, ಭುವನೇಶ್ವರಿ ಹಿಂದಿನ ದಿನವೇ ಅವರ ಮನೆಗೆ ಹೋಗಿ ಹೇಳಿ ಬಂದಿದ್ದಳು. ಆದರೂ ಮೂರು ದಿನದ ಬಿಸಿಲು ತನ್ನ ಕೆಲಸ ಮಾಡಿತ್ತು. ಸುಗ್ಗಿಯಲ್ಲಿ ಅವರ ಹೊಲದ ಮೇಲಿನ ಮೂಲೆಯ ಹತ್ತು ಗುಂಟೆ ಜಳ್ಳಾಯಿತು, ನನ್ನದೂ ಒಂದಿಷ್ಟು ಆಯಿತು. ನನ್ನದಕ್ಕೆ ನನಗೆ ಬೇಸರವಿಲ್ಲ, ಮಾಡಿದ್ದುಣ್ಣೋ ಮಾರಾಯ ಎಂದಿದ್ದಾರೆ. ಅವರ ಆ ಹತ್ತು ಗುಂಟೆ ಮಾತ್ರ ನನ್ನ ಎದೆಯಲ್ಲಿ ಇನ್ನೂ ಒಣಗಿ ನಿಂತಿದೆ.

ತಮ್ಮ ಮೇಲೆ ಯಾರು ಯಾವ ಚಿಕಿತ್ಸೆ ಮಾಡಿದರೆಂದು ತಮಗೆ ಕುತೂಹಲವಿರಬಹುದು. ನಾನು ಕೈಪಿಡಿ ತೆರೆದು ಕನ್ನಡಕ ಹುಡುಕುತ್ತಿದ್ದಾಗ ಹಾಜಿಸಾಬರು ಸಿಟ್ಟಿನಲ್ಲಿ ಗೋಡೆಯ ಸ್ವಿಚ್ಚನ್ನು ಆರಿಸಿ ಮತ್ತೆ ಹಾಕಿದರು, ಅಷ್ಟೇ. ತಾವು ಎದ್ದಾಗ ಹಳೆಯ ಅಂಕಿಯನ್ನೇ ಹಿಡಿದುಕೊಂಡು ಎದ್ದಿರಿ. ಓಡುವಾಗ ಬದಲಿಸಿದ್ದು ಉಳಿಯಬೇಕಾದರೆ ಅದನ್ನು ಬೇರೆ ಕಡತದಲ್ಲೂ ಬರೆದಿಡಬೇಕಂತೆ, ಆ ಕೆಲಸವನ್ನು ನಾನು ನಾಳೆ ಮಾಡೋಣವೆಂದು ಬಿಟ್ಟಿದ್ದೆ. ನನ್ನ ಬುದ್ಧಿ ಮಾಡದ ಉಪಕಾರವನ್ನು ನನ್ನ ಸೋಮಾರಿತನ ಮಾಡಿತು.

ಆದ್ದರಿಂದ ತಮ್ಮ ಸನ್ನಿಧಿಯಲ್ಲಿ ಕೆಲವು ವಿನಂತಿಗಳಿವೆ, ಮುಂದಿನ ಆವೃತ್ತಿಯಲ್ಲಿ ಅನುಕೂಲವಿದ್ದರೆ ಪರಿಶೀಲಿಸಬೇಕು. ಯಾರಾದರೂ ತಮ್ಮ ಸೆಟ್ಟಿಂಗು ಬದಲಿಸಲು ಬಂದಾಗ, ಅವರು ಎಲ್ಲಿ ಕುಳಿತಿದ್ದಾರೆಂದು ಮೊದಲು ಕೇಳತಕ್ಕದ್ದು, ಬಸ್ಸಿನಲ್ಲಿದ್ದರೆ, ಅದರಲ್ಲೂ ಬೆರಳಿಗೆ ಎಣ್ಣೆ ಮೆತ್ತಿದ್ದರೆ, ಇಳಿದು ಕೈ ತೊಳೆದು ಬಾ ಎನ್ನತಕ್ಕದ್ದು. ನಮ್ಮಲ್ಲಿ ಸೋಮವಾರ ಎತ್ತಿನ ಹೆ‌ಗಲಿಗೆ ನೊಗ ಇಡುವುದಿಲ್ಲ, ಆ ದಿನ ಬಸವಣ್ಣನಿಗೆ ವಿಶ್ರಾಂತಿ. ತಾವೂ ವಾರಕ್ಕೊಂದು ದಿನ ಯಾರಿಗೂ ಮೈ ಮುಟ್ಟಗೊಡದೆ ಇರಬಾರದೇಕೆ? ಇನ್ನು ಕೊಲ್ಲುವ ಪ್ರಸಂಗ ಬಂದರೆ, ಯಾರು ಎಷ್ಟು ತಿಂದರು ಎಂದಷ್ಟೇ ನೋಡದೆ, ಇವತ್ತು ಯಾರ ಪಾಳಿ ಎಂದು ಒಮ್ಮೆ ಕೇಳುವ ಕೃಪೆ ಮಾಡಬೇಕು. ಕೇಳಲು ಯಾರೂ ಸಿಗದಿದ್ದರೆ ಎದುರಿಗೇ ಹಾಜಿಸಾಬರು ಕುಳಿತಿರುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಬೇರೆಯವರ ಹೆಸರಿನಲ್ಲಿ ತೆಗೆದಿಡುವವನು ಆ ಬೇರೆಯವರನ್ನು ಒಂದು ಮಾತು ಕೇಳಿದ್ದಾನೆಯೇ ಎಂದು ತಿಳಿದುಕೊಳ್ಳುವ ಒಂದು ಉಪಾಯವನ್ನು ತಾವು ಕಂಡುಹಿಡಿದರೆ, ಅದನ್ನು ಕಂಪ್ಯೂಟರಿನಲ್ಲಿ ಹಾಕುವ ಮೊದಲು ನನ್ನಲ್ಲಿ ಹಾಕಬೇಕು.

ಸದ್ಯಕ್ಕೆ ಎಲ್ಲ ನೆಟ್ಟಗಿದೆ. ಅಂದಿನಿಂದ ಇಂದಿನವರೆಗೆ 'ಕೂಗು' ಒಂದು ಪಾಳಿಯನ್ನೂ ತಪ್ಪಿಸಿಲ್ಲ, ಒಂದು ನಿಮಿಷವೂ ತಡ ಮಾಡಿಲ್ಲ. ಆದರೆ ಕಸ್ತೂರೆಮ್ಮ ಈಗ ಮನೆಯ ಕಟ್ಟೆಯ ಮೇಲೆ ಫೋನಿಗಾಗಿ ಕಾಯುವುದಿಲ್ಲ. ಪಾಳಿಯ ದಿನ ಬೆಳಿಗ್ಗೆಯೇ ರೊಟ್ಟಿಯ ಬುತ್ತಿ ಕಟ್ಟಿಕೊಂಡು ಹೋಗಿ, ಖಣವನ್ನು ಕಂಬಕ್ಕೆ ಕಟ್ಟಿ, ತೂಬಿನ ಕಲ್ಲಿನ ಮೇಲೆ ಕೂರುತ್ತಾರೆ. ನೀರು ಬಂದು ಅವರ ಕಾಲು ತೋಯ್ದ ಮೇಲೆ ಅವರ ಫೋನು ಬಡಿಯುತ್ತದೆ. ಹಾಜಿಸಾಬರ ದನಿ ಅವರ ಹೆಸರು ಹಿಡಿದು ಕೂಗುತ್ತದೆ. ಅವರು ಅದನ್ನು ಪೂರ್ತಿ ಕೇಳುತ್ತಾರೆ, ಯಾಕೆಂದರೆ ಅದು ಹಾಜಿಸಾಬರ ದನಿ. ಆಮೇಲೆ "ಗೊತ್ತೈತ್ರೀ" ಎಂದು ಹೇಳಿ ಇಡುತ್ತಾರೆ.

ತಮ್ಮ ಮೀಸಲು ಮೆಮೊರಿಯ ಒಂದು ಮೂಲೆಯಲ್ಲಾದರೂ ಈ ಬಡವನ ಕ್ಷಮಾಪಣೆಗೆ ಜಾಗ ಸಿಗಲೆಂದು ಬೇಡುತ್ತ,

ತಮ್ಮ ವಿಶ್ವಾಸಿ,
ಸಿದ್ದಲಿಂಗೇಶ ಅಮರಗುಂಡಪ್ಪ
(ಹಾಲಿ ಮಾಜಿ ರೂಟ್)
ಸಿಂಧನೂರು

ಮರೆತ ಮಾತು: 'ಮಾಜಿ' ಎಂದದ್ದು ತಮಾಷೆಗಲ್ಲ. ಪಾಳಿ ಬಳಗದ ತೀರ್ಮಾನದಂತೆ ತಮ್ಮ ಪಾಸ್‌ವರ್ಡನ್ನು ಬದಲಿಸಿ, ಒಂದು ಚೀಟಿಯಲ್ಲಿ ಬರೆದು ಕಸ್ತೂರೆಮ್ಮನವರಿಗೆ ಒಪ್ಪಿಸಲಾಗಿದೆ. ಅದು ಅವರ ಎಲೆಅಡಿಕೆ ಸಂಚಿಯಲ್ಲಿ, ಸುಣ್ಣದ ಡಬ್ಬಿಯ ಕೆಳಗಿದೆ. ಅವರಿಗೆ ಓದಲು ಬರುವುದಿಲ್ಲ, ಅದನ್ನು ಅರ್ಧ ಸುಣ್ಣವೂ ತಿಂದಿದೆ. ಏನಾದರೂ ಬದಲಿಸಬೇಕೆಂದರೆ ನಾನು ಸಾಲಗುಂದಕ್ಕೆ ಹೋಗಿ ಅವರಿಗೆ ಕಾರಣ ಹೇಳಬೇಕು. ಮೊನ್ನೆ ಹೋಗಿದ್ದೆ, ಆರಿಸಿದಾಗ ಅಳಿಸಿಹೋದ ನಲವತ್ತೊಂದನ್ನು ಮತ್ತೆ ಬರೆದರೆ ಆಗುವ ಲಾಭಗಳನ್ನು ಅರ್ಧ ತಾಸು ವಿವರಿಸಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತ ಪೂರ್ತಿ ಕೇಳಿ, "ಈಗ ನಡದೈತಿಲ್ಲ?" ಎಂದರು. ನಡೆದಿದೆ ಅಂದೆ. "ಹಂಗಾದ್ರ ಸುಮ್ನ ಕೂಡು" ಎಂದು ಸಂಚಿಯ ದಾರ ಎಳೆದರು. ಇಷ್ಟು ವರ್ಷದಲ್ಲಿ, ಇಷ್ಟು ಆವೃತ್ತಿಗಳಲ್ಲಿ, ತಮ್ಮಲ್ಲಿ ಎಲ್ಲೂ ಕಾಣದ ಈ ಸೌಲಭ್ಯವನ್ನು ಆ ತಾಯಿ ಒಂದೇ ಮಾತಿನಲ್ಲಿ, ಯಾವುದನ್ನೂ ಆರಿಸದೆ, ಜಾರಿಗೆ ತಂದಿದ್ದಾರೆ.